ಕ್ರೋಶಾ ಮನೆಚಪ್ಪಲಿ ವಾರದಲ್ಲೇ ಸಡಿಲ, ಗ್ರಾನೈಟ್ ಮೇಲೆ ಜಾರುತ್ತದೆ: ತಪ್ಪು ಎಲ್ಲಿ?

ಕಾಫಿಸೀಮೆ:

ಅತ್ತೆಗೆ (ವಯಸ್ಸು 71) ಮನೆಯೊಳಗೆ ಹಾಕಿಕೊಳ್ಳೋಕೆ ಉಲ್ಲನ್ ಸ್ಲಿಪ್ಪರ್ ಹೆಣೆದಿದ್ದೇನೆ. ಊರು ಮಡಿಕೇರಿ, ಮನೆಗೆಲ್ಲ ಗ್ರಾನೈಟ್ ನೆಲ. ಸ್ಲಿಪ್ಪರ್ ನೋಡೋಕೆ ಚೆನ್ನಾಗೇ ಇದೆ, ಉಪಯೋಗಕ್ಕೆ ಬರ್ತಿಲ್ಲ. ಅಳತೆ ಎಲ್ಲ ಬರೆದಿದ್ದೇನೆ, ನೋಡಿ ಹೇಳಿ.

ಪಾದದ ಉದ್ದ 24 ಸೆಂ.ಮೀ. ಬೆರಳ ಬುಡದ ಹತ್ತಿರ, ಪಾದ ಅತಿ ಅಗಲ ಇರೋ ಕಡೆ, ಸುತ್ತಳತೆ 23 ಸೆಂ.ಮೀ. ನೂಲು 4 ಪ್ಲೈ ಅಕ್ರಿಲಿಕ್, ಒಂದೆಳೆ. ಕಡ್ಡಿ 5.5 ಮಿ.ಮೀ. ಇಂಗ್ಲಿಷ್ ಮಾದರಿ ಒಂದನ್ನ ನೋಡಿ ಹೆಣೆದದ್ದು. ಅದರಲ್ಲಿ ಪೂರ್ತಿ 'ಡಿಸಿ' ಅಂತಿದೆ, ಡಬಲ್ ಕ್ರೋಶೆ ಹಾಕಿದ್ದೇನೆ. ಮೊದಲು 6 ಚೈನ್ (ಸರಪಳಿ ಕುಣಿಕೆ), ಅದರ ಸುತ್ತ ಅಂಡಾಕಾರದಲ್ಲಿ ಬೆರಳಿನ ಭಾಗ, ಆಮೇಲೆ ಕೊಳವೆ ಥರ ಸುರುಳಿಯಾಗಿ ಸುತ್ತು, ಅರ್ಧ ಪಾದ ಆದಮೇಲೆ ಹಿಂದೆ ಮುಂದೆ ಸಾಲು, ಕೊನೆಗೆ ಹಿಮ್ಮಡಿ ಹತ್ತಿರ ಮಡಚಿ ಹೊಲಿಗೆ. ಮಾದರಿಯಲ್ಲಿ ಒಟ್ಟು 33 ಸಾಲು ಇತ್ತು, ನನಗೆ 17ಕ್ಕೇ 24 ಸೆಂ.ಮೀ. ಬಂತು, ನಿಲ್ಲಿಸಿದೆ.

ತೊಂದರೆಗಳು: ಒಂದು ವಾರ ಹಾಕಿದ ಮೇಲೆ ಉದ್ದ 26.5 ಸೆಂ.ಮೀ. ಆಗಿದೆ, ಹಿಮ್ಮಡಿಯಿಂದ ಕಳಚಿಕೊಳ್ಳುತ್ತೆ. ಕಾಲು ಹಾಕೋ ಬಾಯಿ ನಡುವಿಗೆ ಬರದೆ ಪಕ್ಕಕ್ಕೆ ವಾಲಿದೆ. ಹಿಮ್ಮಡಿಯ ಹಿಂದೆ ಕೊಂಬಿನ ಥರ ಮೂಲೆ ಚಾಚಿದೆ. ಎಲ್ಲಕ್ಕಿಂತ ಮುಖ್ಯ, ಜಾರುತ್ತೆ. ವಯಸ್ಸಾದವರು, ಹೆದರಿಕೆ ಆಗುತ್ತೆ. ದಪ್ಪ ನೂಲು ಹಾಕಿದ್ರೆ ಸರಿಹೋಗುತ್ತಾ?

ನೂಲೆಳೆ:

33 ಸಾಲಿನ ಮಾದರಿ 17ಕ್ಕೇ ಮುಗಿಯಿತು ಅಂದಿರಲ್ಲ, ನಿಮ್ಮ ಉತ್ತರ ಅಲ್ಲೇ ಇದೆ. ಅದು ಇಂಗ್ಲೆಂಡ್ ಪದ್ಧತಿಯ ಮಾದರಿ. ಅಲ್ಲಿ 'ಡಬಲ್ ಕ್ರೋಶೆ' ಅಂದರೆ ಅಮೆರಿಕದವರ (ಯೂಟ್ಯೂಬಿನಲ್ಲಿ ನಾವು ಕಲಿಯುವ) ಸಿಂಗಲ್ ಕ್ರೋಶೆ. ನೀವು ಹಾಕಿರುವ ಡಬಲ್‌ಗೆ ಅವರು ಟ್ರೆಬಲ್ ಅನ್ನುತ್ತಾರೆ. ಅದರ ಎತ್ತರ ಸಿಂಗಲ್‌ನ ಸುಮಾರು ಎರಡರಷ್ಟು, ಅದಕ್ಕೇ ಅರ್ಧ ಸಾಲಿಗೆ ಪಾದ ಮುಗಿದದ್ದು.

ಮಾದರಿ ಯಾವ ಪದ್ಧತಿಯದು ಅಂತ ತಿಳಿಯಲು ಸುಲಭದ ಗುರುತುಗಳಿವೆ. 'ಎಸ್‌ಸಿ' (ಸಿಂಗಲ್ ಕ್ರೋಶೆ) ಅನ್ನುವುದು ಎಲ್ಲೂ ಇಲ್ಲದೆ ಬರೀ 'ಡಿಸಿ' ಇದ್ದು, ಸಾಲಿನ ಆರಂಭಕ್ಕೆ ಒಂದೇ ಚೈನ್ ಹೇಳಿದ್ದರೆ ಅದು ಇಂಗ್ಲೆಂಡಿನದು. ನಿಜವಾದ ಡಬಲ್‌ಗೆ ಒಂದು ಚೈನ್ ಎತ್ತರ ಸಾಲದು, ಎರಡು ಮೂರು ಬೇಕು. ಸ್ಟಿಚ್ ಬಿಡಲು 'ಸ್ಕಿಪ್' ಬದಲು 'ಮಿಸ್', ಬಿಗಿತದ ಅಳತೆಗೆ 'ಗೇಜ್' ಬದಲು 'ಟೆನ್ಶನ್' ಅಂತಿದ್ದರೂ ಅದೇ.

ಸಡಿಲ ಆಗುವುದಕ್ಕೂ ಇದೇ ಕಾರಣ. ಡಬಲ್ ಕ್ರೋಶೆಯಲ್ಲಿ ಉದ್ದುದ್ದ ಕಂಬಗಳು ನಿಲ್ಲುತ್ತವೆ, ಕಂಬದ ನಡುವೆ ಸಂದು. ಪಾದ ಒಳಗಿನಿಂದ ತಳ್ಳಿದಾಗ ಆ ಸಂದು ಬಾಯಿ ಬಿಡುತ್ತದೆ, ಬಿಟ್ಟದ್ದು ಮತ್ತೆ ಮುಚ್ಚುವುದಿಲ್ಲ. ಸಾಲದ್ದಕ್ಕೆ ಪಾದದಷ್ಟೇ ಉದ್ದಕ್ಕೆ ಹೆಣೆದಿದ್ದೀರಿ. ಸ್ವೆಟರ್‌ಗೆ ಮೈಯಳತೆಗಿಂತ ದೊಡ್ಡದು ಬೇಕು, ಸ್ಲಿಪ್ಪರ್‌ಗೆ ಪಾದಕ್ಕಿಂತ ಚಿಕ್ಕದು ಬೇಕು. ಉದ್ದದಲ್ಲಿ 2 ಸೆಂ.ಮೀ. ಕಡಿಮೆ, ಸುತ್ತಳತೆಯಲ್ಲಿ ನೂರಕ್ಕೆ 7ರಿಂದ 10 ಕಡಿಮೆ. ಹಾಕಿದಾಗ ಎಳೆದುಕೊಂಡು ಸರಿಯಾಗಿ ಕೂರಬೇಕು.

ದಪ್ಪ ನೂಲು ಬೇಡ, ಇರುವುದನ್ನೇ ಎರಡೆಳೆ ಮಾಡಿ. 'ಪ್ಲೈ' ಅಂದರೆ ಎಷ್ಟು ಎಳೆ ಹೊಸೆದಿದ್ದಾರೆ ಅಂತಷ್ಟೇ, ದಪ್ಪದ ಅಳತೆ ಅಲ್ಲ. ಒಂದು ಕಂಪನಿಯ 4 ಪ್ಲೈ ಇನ್ನೊಂದರದ್ದಕ್ಕಿಂತ ತೆಳ್ಳಗಿರಬಹುದು. ಸ್ಕೇಲಿಗೆ ನೂಲನ್ನು ಎಳೆಯದೆ, ಒತ್ತದೆ, ಪಕ್ಕಪಕ್ಕಕ್ಕೆ ಸುತ್ತಿ ನೋಡಿ: 2.5 ಸೆಂ.ಮೀ. ಜಾಗದಲ್ಲಿ 11 ಸುತ್ತು ಅಥವಾ ಹೆಚ್ಚು ಹಿಡಿಸಿದರೆ ಎರಡೆಳೆ ಮತ್ತು 5 ಮಿ.ಮೀ. ಕಡ್ಡಿ. 8–9 ಸುತ್ತೇ ಬಂದರೆ ಒಂದೆಳೆ ಸಾಕು, ಆದರೆ ಕಡ್ಡಿ 4 ಮಿ.ಮೀ.ಗೆ ಇಳಿಸಿ.

ಈಗ ಸಿಂಗಲ್ ಕ್ರೋಶೆಯಲ್ಲಿ 15 × 15 ಸೆಂ.ಮೀ. ತುಂಡು ಹೆಣೆಯಿರಿ. ಅಂಚು ಬಿಟ್ಟು ನಡುವಿನ 10 ಸೆಂ.ಮೀ.ಯಲ್ಲಿ ಎಷ್ಟು ಸ್ಟಿಚ್, ಎಷ್ಟು ಸಾಲು ಅಂತ ಎಣಿಸಿ ಇಲ್ಲಿ ಹಾಕಿ. ಟ್ಯೂಬ್‌ಲೈಟಿಗೆ ಹಿಡಿದರೆ ಬೆಳಕಿನ ಚುಕ್ಕಿಗಳು ಸಾಲಾಗಿ ಕಾಣಬಾರದು. ಕಂಡರೆ ಕಡ್ಡಿ ಅರ್ಧ ಮಿ.ಮೀ. ಇಳಿಸಿ. ಲೆಕ್ಕ ಆಮೇಲೆ ಮಾಡೋಣ.

ಧಾರವಾಡದ ಕಡ್ಡಿ:

ಜಾರೋದರ ಬಗ್ಗೆ ನಾ ಹೇಳ್ತೀನ್ರಿ. ಅಕ್ರಿಲಿಕ್ ನುಣುಪು, ಪಾಲಿಶ್ ಗ್ರಾನೈಟ್ ಅದಕ್ಕಿಂತ ನುಣುಪು. ಎರಡೂ ಕೂಡಿದ್ರ ಜಾರದ ಏನ್ ಮಾಡ್ತದ? ಎಷ್ಟ ಬಿಗಿಯಾಗಿ ಹೆಣದ್ರೂ ಅಟ್ಟೆ ಇಲ್ಲದ ವಯಸ್ಸಾದವರಿಗೆ ಕೊಡಬ್ಯಾಡ್ರಿ.

ಗ್ಲೂ ಗನ್ನಿನ ಚುಕ್ಕಿ ಇಡ್ರಿ ಅಂತ ಎಲ್ಲಾ ಕಡೆ ತೋರಸ್ತಾರ. ಬ್ಯಾಡ. ಆ ಅಂಟು ಆರಿದ ಮ್ಯಾಲೆ ಗಟ್ಟಿ ಪ್ಲಾಸ್ಟಿಕ್ ಆಗ್ತದ, ಧೂಳ ಹತ್ತಿದ್ರ ಅದೂ ಜಾರ್ತದ, ನಾಕ್ ಸಲ ಒಗದ್ರ ಉದುರ್ತದ. ಬಟ್ಟೆಗೆ ಹಾಕೋ ಉಬ್ಬು ಪೇಂಟ್ ಅದಕ್ಕಿಂತ ಮೇಲು, ಮೆತ್ತಗ ಇರ್ತದ. ಆದ್ರ ಒಂದಿನ ಪೂರ್ತಿ ಒಣಗಬೇಕು, ಸವದಂಗ ಮತ್ತ ಮತ್ತ ಹಾಕಬೇಕು. ರೆಕ್ಸಿನ್ ಹೊಲಿಯೋರು ಹೊಳೆಯೋ ಮಗ್ಗಲ ಕೆಳಗ ಮಾಡ್ತಾರ, ಅದು ಇನ್ನೂ ಜಾರ್ತದ. ಚರ್ಮದ ತುಂಡ ಸಿಕ್ರ ಒರಟು ಮಗ್ಗಲ ನೆಲಕ್ಕ ಬರಬೇಕು.

ನನ್ನ ಕೇಳಿದ್ರ, 71 ವರ್ಷದವರಿಗೆ ಹವಾಯಿ ಚಪ್ಪಲಿ ಅಟ್ಟೇನ ಸೈ. ಹೊಸಾದು ತಗೊಳ್ರಿ, ಹಳೇದರ ಗೆರಿ ಸವದಿರ್ತಾವ. ಪಟ್ಟಿ ಕಿತ್ತು ಹಾಕ್ರಿ. ಪಾದದ ಅಚ್ಚು ಬರದು 24 ಸೆಂ.ಮೀ.ಗೆ ಕತ್ತರಿಸ್ರಿ. ಅಂಚಿನಿಂದ 6 ಮಿ.ಮೀ. ಒಳಗ ಗೆರಿ ಎಳದು, 8 ಮಿ.ಮೀ.ಗೆ ಒಂದರಂಗ ಗುರ್ತ ಮಾಡ್ರಿ. ಸುತ್ತಳತಿ ಸುಮಾರು 56 ಸೆಂ.ಮೀ. ಬಂದ್ರ 70 ತೂತು ಆಗ್ತಾವ. ಅಂಚಿಗೆ ಇನ್ನೂ ಹತ್ರ ಹಾಕಿದ್ರ ರಬ್ಬರ್ ಹರದು ಬರ್ತದ, ಅದೇ ದೊಡ್ಡ ತಪ್ಪು. ದಪ್ಪನ ದಬ್ಬಣದ್ಲೆ ಚುಚ್ಚಿದ್ರ ಸಾಕು. ಬೆಲ್ಟಿಗೆ ತೂತ ಹಾಕೋ ಪಂಚ್ ಇದ್ರ 2 ಮಿ.ಮೀ. ಬಾಯಿದು ಹಾಕ್ರಿ.

ಹೊಲಿಯೋದು ನೈಲಾನ್ ದಾರದ್ಲೆ, ಬ್ಲಾಂಕೆಟ್ ಸ್ಟಿಚ್ (ಅಂಚು ಸುತ್ತೋ ಹೊಲಿಗಿ). ಇಲ್ಲೊಂದು ಕಿವಿಮಾತು. ಸ್ಲಿಪ್ಪರ್ 22 ಸೆಂ.ಮೀ., ಅಟ್ಟೆ 24. ಖಾಲಿ ಸ್ಲಿಪ್ಪರಿಗೆ ಅಟ್ಟೆ ಹಚ್ಚಾಕ ಹೋದ್ರ ಒಂದ್ ಕಡೆ ಸುಕ್ಕು, ಒಂದ್ ಕಡೆ ಎಳತ. ದಪ್ಪ ರಟ್ಟನ್ನ ಪಾದದಳತಿಗೆ ಕತ್ತರಿಸಿ ಒಳಗ ತುರುಕ್ರಿ, ಮ್ಯಾಲೆ ಹಳೇ ಬಟ್ಟಿ ತುಂಬ್ರಿ. ಸ್ಲಿಪ್ಪರ್ ಕಾಲ ಇಟ್ಟಂಗ ಹಿಗ್ಗಿ ನಿಂತ ಮ್ಯಾಲೆ ಹೊಲೀರಿ. ತುದಿ, ಹಿಮ್ಮಡ, ಎರಡೂ ಪಕ್ಕ, ಹಿಂಗ ನಾಕ್ ಕಡೆ ಮೊದಲ ಟಾಕಿ ಹಾಕ್ಕೊಂಡ್ರ ಸರಿಯೋದಿಲ್ಲ.

ಬೆಚ್ಚಗ ಆಗಬೇಕಂದ್ರ ಒಳಗ ಕಂಬಳಿ ತುಂಡ ಹಾಸ್ರಿ. ಗ್ರಾನೈಟಿನ ತಂಪು ಕೆಳಗಿಂದ ಏರೋದು, ಮ್ಯಾಲೆ ಎಷ್ಟ ದಪ್ಪ ಹೆಣದ್ರೂ ಅಷ್ಟಕ್ಕಷ್ಟ. ಅಂಗಾಲ ಭಾರಕ್ಕ ಅಕ್ರಿಲಿಕ್ ಒತ್ತಿ ಚಪ್ಪಟಿ ಆಗ್ತದ, ಗಾಳಿ ನಿಲ್ಲೋದಿಲ್ಲ. ನಮ್ಮ ದಖ್ಖನಿ ಕುರಿ ಉಣ್ಣಿ ಒರಟು, ಬಿರುಸು, ಭಾರಕ್ಕ ಅಷ್ಟ ಸರಳ ಚಪ್ಪಟಿ ಆಗೋದಿಲ್ಲ. ಚಳ್ಳಕೆರೆ ಕಡೆ ಕಂಬಳಿ ಹಳೇದಿದ್ರ ಎರಡ ಪದರ ಕತ್ತರಿಸ್ರಿ, ಅಂಚು ಬಿಚ್ಚಿಕೊಳ್ತದ, ಸುತ್ತ ಹೊಲೀರಿ. ಚುಚ್ತದ ಅಂದ್ರ ಮ್ಯಾಲೆ ಹತ್ತಿ ಬಟ್ಟಿ. ಅದನ್ನ ಸ್ಲಿಪ್ಪರಿಗೆ ಹೊಲೀಬ್ಯಾಡ್ರಿ, ಬ್ಯಾರೆ ತಗದು ಬಿಸಲಿಗೆ ಇಡಾಕ ಬರಬೇಕು.

ಉಂಡೆದಾರ:

ಈಗಾಗಲೇ ಹೆಣೆದದ್ದನ್ನು ಬಿಚ್ಚೋದ್ಯಾಕೆ? ಬಿಸಿನೀರಲ್ಲಿ ಹಾಕಿ ಚೆನ್ನಾಗಿ ಉಜ್ಜಿದರೆ ಉಲ್ಲನ್ ಕುಗ್ಗಿ ಸರಿಯಾಗುತ್ತಲ್ಲ. ಹೊರದೇಶದಲ್ಲಿ ಸ್ಲಿಪ್ಪರ್ ಹಾಗೇ ಮಾಡ್ತಾರೆ.

ನೂಲೆಳೆ:

ಅದು ಅಸಲಿ ಉಣ್ಣೆಗೆ ಮಾತ್ರ, @ಉಂಡೆದಾರ. ಉಣ್ಣೆಯ ಎಳೆಯ ಮೇಲೆ ಸಣ್ಣ ಹೊರಪದರಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಹಿಂದಕ್ಕೆ ಬರುವುದಿಲ್ಲ, ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಉದ್ದದಲ್ಲಿ ಮೂರನೇ ಒಂದು ಭಾಗದವರೆಗೂ ಕುಗ್ಗಬಹುದು, ಅದಕ್ಕೆ ಮೊದಲೇ ದೊಡ್ಡದಾಗಿ ಹೆಣೆಯುತ್ತಾರೆ. ಚೀಟಿಯಲ್ಲಿ 'ಸೂಪರ್‌ವಾಶ್' ಅಂತಿದ್ದರೆ ಆ ಪದರ ತೆಗೆದೋ ಮುಚ್ಚಿಯೋ ಇರುತ್ತಾರೆ, ಅದು ಕುಗ್ಗದು. ಅಕ್ರಿಲಿಕ್‌ಗೆ ಪದರವೇ ಇಲ್ಲ. ಕುದಿನೀರಿಗೆ ಹಾಕಿದರೆ ಕುಗ್ಗುವ ಬದಲು ಜೋಲು ಬೀಳುತ್ತದೆ, ಬಿಸಿ ಇಸ್ತ್ರಿ ತಾಗಿದರೆ ನೂಲಿನ ಪುಟಿತ ಪೂರ್ತಿ ಸತ್ತುಹೋಗುತ್ತದೆ. ಅದನ್ನು ಮರಳಿ ತರುವ ಉಪಾಯವಿಲ್ಲ.

ಕೈಯಲ್ಲಿರುವ ನೂಲು ಏನೆಂದು ಅನುಮಾನವಿದ್ದರೆ ಒಂದು ತುಂಡು ಸುಟ್ಟು ನೋಡಿ, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಕರಗಿ ಗಟ್ಟಿ ಕಪ್ಪು ಗುಂಡಾಗುತ್ತದೆ.

ಕಾಫಿಸೀಮೆ:

ಮಾದರಿ ತೆಗೆದು ನೋಡಿದೆ. 'ಮಿಸ್ 1' ಅಂತ ಎರಡು ಕಡೆ ಇದೆ, ಎಸ್‌ಸಿ ಒಂದೂ ಇಲ್ಲ! ಬಿಚ್ಚಿದ್ದಾಯ್ತು. ಸ್ಕೇಲಿಗೆ ಸುತ್ತಿದಾಗ 12 ಸುತ್ತು ಬಂತು. ಎರಡೆಳೆ, 5 ಮಿ.ಮೀ. ಕಡ್ಡಿ, ಸಿಂಗಲ್ ಕ್ರೋಶೆ: 10 ಸೆಂ.ಮೀ.ಗೆ 14 ಸ್ಟಿಚ್, 16 ಸಾಲು. ಬೆಳಕು ಕಾಣ್ತಿಲ್ಲ, ಆದರೆ ಕೈ ನೋಯುತ್ತೆ. ಬಾಯಿ ಪಕ್ಕಕ್ಕೆ ವಾಲೋದು ಯಾಕೆ ಅಂತ ಯಾರೂ ಹೇಳಲಿಲ್ಲ.

ನೂಲೆಳೆ:

ವಾಲುವುದು ನಿಮ್ಮ ತಪ್ಪಲ್ಲ. ಸಿಂಗಲ್ ಕ್ರೋಶೆ ಆಗಲಿ ಡಬಲ್ ಆಗಲಿ, ಸ್ಟಿಚ್‌ನ ತಲೆ ಅದರ ಕಾಲಿನ ನೇರಕ್ಕೆ ಕೂರುವುದಿಲ್ಲ, ಬಲಗೈಯವರಿಗೆ ತುಸು ಬಲಕ್ಕೆ ಸರಿದಿರುತ್ತದೆ. ತಿರುಗಿಸದೆ ಒಂದೇ ಕಡೆ ಸುತ್ತುತ್ತ ಹೋದರೆ ಸುತ್ತು ಸುತ್ತಿಗೂ ಆ ಸರಿತ ಸೇರುತ್ತ ಹೋಗುತ್ತದೆ. ನಿಮ್ಮ ಬೆರಳ ತುದಿ ಅಂಡಾಕಾರ, ಅಂದರೆ ಅದಕ್ಕೆ ಮೇಲು ಕೆಳಗು ಇದೆ. ಸ್ಟಿಚ್ ಎಣಿಸಿ ಬಾಯಿ ಬಿಟ್ಟಾಗ ಅಷ್ಟರಲ್ಲಿ ನಡು ಸರಿದಿತ್ತು. ಚೈನ್ ಬಿಟ್ಟು, ಬಾಲ ಎಳೆದರೆ ಬಿಗಿಯಾಗುವ ನೂಲಿನ ಕುಣಿಕೆಯಿಂದ, ಅಂದರೆ ಮ್ಯಾಜಿಕ್ ರಿಂಗ್‌ನಿಂದ ದುಂಡಗೆ ಶುರುಮಾಡಿ. ದುಂಡು ಕೊಳವೆಗೆ ಮೇಲು ಕೆಳಗೆ ಇಲ್ಲ, ಬಾಯಿ ಎಲ್ಲಿ ಬಿಟ್ಟರೂ ಅದೇ ನಡು.

ಇನ್ನು ಲೆಕ್ಕ. ಸುತ್ತಳತೆ 23ರಲ್ಲಿ ನೂರಕ್ಕೆ 10 ಕಳೆದರೆ 20.7 ಸೆಂ.ಮೀ.; ಸೆಂ.ಮೀ.ಗೆ 1.4 ಸ್ಟಿಚ್‌ನಂತೆ 29. ಆರರ ಮಗ್ಗಿಗೆ ಕೂರಿಸಲು 30 ತೆಗೆದುಕೊಳ್ಳಿ, 21.4 ಸೆಂ.ಮೀ. ಬರುತ್ತದೆ. ಉದ್ದ 22 ಸೆಂ.ಮೀ., ಸೆಂ.ಮೀ.ಗೆ 1.6 ಸಾಲಿನಂತೆ 35.

ರಿಂಗ್‌ನೊಳಗೆ 6 ಸಿಂಗಲ್. 2ನೇ ಸುತ್ತು ಪ್ರತಿಯೊಂದರಲ್ಲೂ ಎರಡು, 12. 3ನೇ ಸುತ್ತು ಒಂದು ಸಾದಾ, ಎರಡನೆಯದರಲ್ಲಿ ಎರಡು, 18. 4ನೇ ಸುತ್ತು ಹೆಚ್ಚಿಸದೆ. 5ನೇ ಸುತ್ತು ಎರಡು ಸಾದಾ, ಮೂರನೆಯದರಲ್ಲಿ ಎರಡು, 24. 6ನೇ ಸುತ್ತು ಹೆಚ್ಚಿಸದೆ. 7ನೇ ಸುತ್ತು ಮೂರು ಸಾದಾ, ನಾಲ್ಕನೆಯದರಲ್ಲಿ ಎರಡು, 30. ನಡುನಡುವೆ ಸಾದಾ ಸುತ್ತು ಇಟ್ಟಿರುವುದು ತುದಿ ತಟ್ಟೆಯಂತೆ ಚಪ್ಪಟೆಯಾಗದೆ ಬಟ್ಟಲಿನಂತೆ ಒಳಬಾಗಲಿ ಅಂತ. 8ರಿಂದ 18ರವರೆಗೆ 30 ಸ್ಟಿಚ್ ಹಾಗೇ. ಇಲ್ಲಿಗೆ 11 ಸೆಂ.ಮೀ. ಚಿಲ್ಲರೆ. ಪಾದಕ್ಕೆ ತೊಡಿಸಿ ನೋಡಿ, ಪಾದದ ಮೇಲ್ಭಾಗ ಕಣಕಾಲಿನತ್ತ ಏರಲು ಶುರುವಾಗುವ ಕಡೆ ಅಂಚು ಬರಬೇಕು. ಬೆನ್ನು ಎತ್ತರದ ಪಾದವಾದರೆ ಎರಡು ಸುತ್ತು ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಅಲ್ಲಿ ಒತ್ತಿ ಗೆರೆ ಬೀಳುತ್ತದೆ.

ಈಗ 8 ಸ್ಟಿಚ್ ಬಾಯಿಗೆ ಬಿಟ್ಟು ಉಳಿದ 22ರ ಮೇಲೆ ಹಿಂದೆ ಮುಂದೆ 15 ಸಾಲು. ಪ್ರತಿ ಸಾಲಿನ ಕೊನೆಗೆ 1 ಚೈನ್, ತಿರುಗಿಸಿ. ಪ್ರತಿ ಸಾಲೂ ಎಣಿಸಿ. ಕೊನೆಯ ಸ್ಟಿಚ್ ಅಂಚಿನಲ್ಲಿ ಅಡಗಿರುತ್ತದೆ, ಅದನ್ನು ಬಿಟ್ಟರೆ ಸಾಲಿಗೊಂದು ಕರಗಿ ಹಿಮ್ಮಡಿ ಹತ್ತಿರ ಬಟ್ಟೆ ತ್ರಿಕೋನ ಆಗಿರುತ್ತದೆ. 16ನೇ ಸಾಲು: 9 ಸಾದಾ, ಎರಡನ್ನು ಕೂಡಿಸಿ ಒಂದು, ಮತ್ತೆ ಎರಡನ್ನು ಕೂಡಿಸಿ ಒಂದು, 9 ಸಾದಾ, 20 ಉಳಿಯುತ್ತದೆ. 17ನೇ ಸಾಲು: 8, ಕೂಡಿಸಿ, ಕೂಡಿಸಿ, 8, 18. ನಡುವಿನ ಈ ಇಳಿಕೆಯೇ ನಿಮ್ಮ ಕೊಂಬಿಗೆ ಮದ್ದು: ಮಡಚಿದಾಗ ಮೂಲೆ ಚಾಚದೆ ದುಂಡಗಾಗುತ್ತದೆ. ಮಡಚಿ 9ಕ್ಕೆ 9 ಜೋಡಿಸಿ ಸ್ಲಿಪ್ ಸ್ಟಿಚ್ (ಎತ್ತರವಿಲ್ಲದೆ ಬರೀ ಜೋಡಿಸುವ ಸ್ಟಿಚ್) ಹಾಕಿ.

ಬಾಯಿಯ ಅಂಚಿಗೆ: ಪಕ್ಕದ 17 ಸಾಲುಗಳಿಂದ 14 ಸ್ಟಿಚ್ ಮಾತ್ರ ಎತ್ತಿ (ಆರು ಸಾಲಿಗೆ ಐದರಂತೆ), ಆ ಪಕ್ಕವೂ 14, ಮುಂದಿನ 8. ಸಾಲಿಗೊಂದು ಎತ್ತಿದರೆ ಅಂಚು ಅಲೆಅಲೆಯಾಗಿ ಬಾಯಿ ಬಿಡುತ್ತದೆ, ಹಿಮ್ಮಡಿ ಕಳಚುವುದು ಬಹುಪಾಲು ಇಲ್ಲಿಂದಲೇ. ಮುಂದಿನ ಎರಡು ಮೂಲೆಗಳಲ್ಲಿ ಎರಡನ್ನು ಕೂಡಿಸಿದರೆ 34. ಎರಡನೇ ಸುತ್ತಿನಲ್ಲೂ ಮೂಲೆಗಳಲ್ಲಿ ಹಾಗೇ ಕೂಡಿಸಿ, 32. ಮೂರನೆಯದನ್ನು 4.5 ಮಿ.ಮೀ. ಕಡ್ಡಿಯಲ್ಲಿ, ತೆಳು ಎಲಾಸ್ಟಿಕ್ ದಾರ ಜೊತೆಗೆ ಹಿಡಿದು ಹಾಕಿ. ಕೊನೆಗೆ ಸ್ಲಿಪ್ ಸ್ಟಿಚ್ ಸುತ್ತು ಹಾಕುವ ಚಪಲ ಬೇಡ, ಅದು ಹಿಗ್ಗುವುದಿಲ್ಲ, ಕಾಲೇ ಒಳಗೆ ಹೋಗದು.

ನೂಲು ಜೋಡಿಗೆ 70–80 ಗ್ರಾಂ ಹಿಡಿಯುತ್ತದೆ. ಕೈ ನೋವಿಗೆ ಕಾರಣ ಬಿಗಿ ಹೆಣಿಗೆ ಅಷ್ಟೇ ಅಲ್ಲ: ಕುಣಿಕೆಯನ್ನು ಕಡ್ಡಿಯ ಕಿರಿದಾದ ಕತ್ತಿನಲ್ಲೇ ಬಿಗಿಯುತ್ತಿದ್ದೀರಿ ಅನ್ನಿಸುತ್ತದೆ. ದಪ್ಪ ಭಾಗಕ್ಕೆ ತಂದು ಎಳೆಯಿರಿ, ಅಳತೆಯೂ ಸಮ ಬರುತ್ತದೆ. ದಿನಕ್ಕೊಂದು ಸ್ಲಿಪ್ಪರ್ ಮುಗಿಸಲೇಬೇಕೆಂದೇನಿಲ್ಲ.

ಬಿಡಿಸಿಹೆಣೆ:

ಎರಡು ಮಾತು ಸೇರಿಸುತ್ತೇನೆ. ಹಿಮ್ಮಡಿಯ ಜೋಡಣೆ ಹೊರಮೈಗೆ ಬರುವ ಹಾಗೆ ಮಾಡಿ, ಒಳಗೆ ಉಬ್ಬು ಗೆರೆ ಇರಬಾರದು. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ಕಡಿಮೆ ಇರುವವರಿಗೆ ಒಂದು ಸಣ್ಣ ಗಂಟು ಉಜ್ಜಿ ಹುಣ್ಣಾದರೂ ಗೊತ್ತಾಗುವುದಿಲ್ಲ. ನೂಲು ಮುಗಿದಾಗ ಗಂಟು ಹಾಕದೆ, ಹಳೆಯ ಸ್ಟಿಚ್‌ನ ಕೊನೆಯ ಎಳೆತಕ್ಕೆ ಹೊಸ ನೂಲು ಹಿಡಿದು ಎಳೆಯಿರಿ. ತುದಿಗಳನ್ನು 10 ಸೆಂ.ಮೀ. ಬಿಟ್ಟು ಸೂಜಿಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊಗಿಸಿ. ಒಂದೇ ದಿಕ್ಕಿಗೆ ಹೊಗಿಸಿದರೆ ಅಕ್ರಿಲಿಕ್ ಜಾರಿ ಹೊರಬರುತ್ತದೆ. ಮ್ಯಾಜಿಕ್ ರಿಂಗ್‌ನ ಬಾಲಕ್ಕೂ ಇದೇ ಮಾತು. ಹೆಬ್ಬೆರಳು ಒತ್ತುವುದು ಅಲ್ಲೇ, ರಿಂಗ್ ಬಿಟ್ಟುಕೊಂಡರೆ ತೂತು ಬೀಳುತ್ತದೆ. ಬಾಲವನ್ನು ರಿಂಗ್‌ನ ಸುತ್ತ ಎರಡು ಬಾರಿ ತಿರುಗಿಸಿ ಭದ್ರ ಮಾಡಿ.

ಇನ್ನೊಂದು, ಈಗಾಗಲೇ ಮುಗಿಸಿದ ಸ್ಲಿಪ್ಪರ್‌ನಲ್ಲಿ ಕೊಂಬು ಇರುವವರು ಬಿಚ್ಚಬೇಕಿಲ್ಲ. ಒಳಮಗ್ಗುಲು ಹೊರಗೆ ಮಾಡಿ, ಮೂಲೆಯನ್ನು ತ್ರಿಕೋನವಾಗಿ ಚಪ್ಪಟೆ ಒತ್ತಿ, ತುದಿಯಿಂದ 2 ಸೆಂ.ಮೀ. ಒಳಗೆ ಅಡ್ಡಕ್ಕೆ ಹೊಲಿಯಿರಿ. ಬಟ್ಟೆಚೀಲದ ತಳಕ್ಕೆ ಮಾಡುತ್ತಾರಲ್ಲ, ಹಾಗೆ.

ಕಾಫಿಸೀಮೆ:

ಒಂದು ಕಾಲು 12ನೇ ಸುತ್ತಿಗೆ ಬಂದಿದೆ, ಬಟ್ಟಲಿನ ಥರಾನೇ ಇದೆ. ಇರೋದು 100 ಗ್ರಾಂನ ಒಂದೇ ಉಂಡೆ. ಎರಡೆಳೆಗೆ ಅದರ ಒಳತುದಿ, ಹೊರತುದಿ ಎರಡನ್ನೂ ಸೇರಿಸಿ ಹಿಡಿದಿದ್ದೇನೆ, ಸಿಕ್ಕಾಗ್ತಾ ಇದೆ. ಮತ್ತೆ ಎರಡನೇ ಕಾಲು ಚಿಕ್ಕದಾಗದ ಹಾಗೆ ಏನು ಮಾಡಬೇಕು?

ಧಾರವಾಡದ ಕಡ್ಡಿ:

ಒಳಗಿಂದು ಹೊರಗಿಂದು ಕೂಡಿಸಿ ಎಳದ್ರ ಉಂಡಿ ಕುಸದು ಸಿಕ್ಕಾಗೋದ ಅದರ ಗುಣ. ಅಡಗಿಮನಿ ತಕ್ಕಡಿ ಮ್ಯಾಲೆ ತೂಗಿ ಉಳಿದದ್ದನ್ನ ಎರಡ ಸಮ ಉಂಡಿ ಮಾಡ್ರಿ, ಎರಡ ಡಬ್ಬಿಯೊಳಗ ಬ್ಯಾರೆ ಬ್ಯಾರೆ ಇಡ್ರಿ, ಒಂದೊಂದರಿಂದ ಒಂದೊಂದ ಎಳಿ. ಮೊದಲನೇ ಕಾಲು ಮುಗದ ಮ್ಯಾಲೆ ಅದನ್ನ ತೂಗ್ರಿ. 40 ಗ್ರಾಂಗಿಂತ ಭಾಳ ಹೆಚ್ಚಿಗಿ ಬಂದ್ರ ಹೊಸ ಉಂಡಿ ಈಗ್ಲೇ ತರ್ಸ್ರಿ, ಚೀಟಿ ಮ್ಯಾಲಿನ ಬಣ್ಣದ ಲಾಟ್ ನಂಬರ್ ಅದೇ ಇರಬೇಕು.

ಎರಡನೇದು ಚಿಕ್ಕದಾಗೋದು ಕೈ ಪಳಗಿ ಬಿಗಿ ಹೆಚ್ಚಾಗೋದಕ್ಕ. 10ನೇ ಸುತ್ತಿಗೆ, 18ನೇ ಸುತ್ತಿಗೆ ಎರಡೂ ಕಾಲನ್ನ ಒಂದರ ಮ್ಯಾಲೊಂದ ಇಟ್ಟು ನೋಡ್ರಿ. ಅರ್ಧ ಸೆಂ.ಮೀ. ಫರಕ್ ಬಂದ್ರ ಆಗಲೇ ಬಿಚ್ರಿ, 35ಕ್ಕ ಹೋಗಿ ನೋಡಿದ್ರ ಬಿಚ್ಚಾಕ ಮನಸ್ಸ ಬರೋದಿಲ್ಲ.